ಗೋಧಿ ಬಣ್ಣದ ಮಗು

“ಇದೇನು ಮಗುವೋ, ಕಾವಲಿಗೆ ಹಾಕೋಕೆ ಮಸಾಲೆ ಹಚ್ಚಿಟ್ಟ ಮೀನೋ?”

ಡಾಕ್ಟರು ಹತ್ತಿಯ ಉಂಡೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮಗುವಿನ ಹೊಟ್ಟೆಯ ಮೇಲೆ ಒಂದು ಗೆರೆ ಎಳೆದರು. ಹತ್ತಿ ಹಳದಿಯಾಯಿತು. ಅದನ್ನು ಎರಡು ಬೆರಳಲ್ಲಿ ಎತ್ತಿ, ಬಾಗಿಲ ಹತ್ತಿರ ಸಾಲು ನಿಂತಿದ್ದವರಿಗೆಲ್ಲ ಕಾಣುವಂತೆ ತೋರಿಸಿದರು. ಹೆಂಗಸರು ಮುಸುಕಿನೊಳಗೇ ಕಿಸಕ್ಕೆಂದರು.

“ಯಾರು ಹಚ್ಚಿದ್ದು ಇದನ್ನ?”

“ನಾನೇ ಸ್ವಾಮಿ,” ಎಂದಳು ದೌಲಾ. “ಅರಿಸ್ನ. ಎಳ್ಳೆಣ್ಣೇಲಿ ಕಲ್ಸಿ...”

“ಎಣ್ಣೆ ಬೇರೆ! ಉಪ್ಪು, ಹುಳಿ ಮರೆತುಬಿಟ್ಯಾ? ಹೆತ್ತಿದ್ದೆಲ್ಲಿ?”

“ಮನೇಲೆ.”

“ಮನೆಯಂತೆ! ತಗಡಿನ ಗೂಡು ಅನ್ನು. ಅಲ್ಲಿ ಹೆರ್ತೀರಿ, ಅಲ್ಲೇ ಬಣ್ಣ ಬಳೀತೀರಿ, ಸಾಯೋಕೆ ಮಾತ್ರ ನನ್ನ ಮೇಜಿಗೆ ತಂದು ಹಾಕ್ತೀರಿ. ಹಾಲು ಬಿಟ್ಟು ಎಷ್ಟು ದಿನ ಆಯ್ತು?”

ಹಿಂದೆ ಗೋಡೆಗೆ ಕೈಕೊಟ್ಟು ನಿಂತಿದ್ದ ಸೊಸೆ ನಜಾತ್ ಬಾಯಿ ತೆರೆಯುವ ಮೊದಲೇ ದೌಲಾ, “ನಿನ್ನೆಯಿಂದ ಸ್ವಾಮಿ,” ಎಂದುಬಿಟ್ಟಳು.

ಸುಳ್ಳು. ಮಗು ನಾಲ್ಕು ದಿನದಿಂದ ಮೊಲೆ ಕಚ್ಚುತ್ತಿರಲಿಲ್ಲ. ನಿಜ ಹೇಳಿದರೆ ಇನ್ನಷ್ಟು ಬೈಸಿಕೊಳ್ಳಬೇಕಲ್ಲ ಎಂಬ ಹೆದರಿಕೆಗೆ ನಾಲಗೆ ತಾನಾಗಿಯೇ ಹೊರಳಿತ್ತು. ನಜಾತ್ ಅತ್ತೆಯನ್ನೇ ದಿಟ್ಟಿಸಿ ನೋಡಿದಳು.

“ನಿನ್ನೆಯಿಂದ ತಾನೇ? ಎತ್ಕೊ. ತೊಳಕೊಂಡು ಬಾ. ಮಗು ಹಳದಿಯೋ, ನಿನ್ನ ಬಣ್ಣ ಹಳದಿಯೋ ಅಂತ ನಾನೇನು ಕೆರೆದು ನೋಡ್ಲಾ? ಮುಂದಿನವರು ಬನ್ನಿ.”

ರಾಜಧಾನಿ ಸನಾದಿಂದ ಬಂದ ಡಾಕ್ಟರು. ಮಗುವಿನ ಮುಖ ನೋಡಲಿಲ್ಲ, ರೆಪ್ಪೆ ಬಿಡಿಸಲಿಲ್ಲ. ಕೈಗೆ ಅಂಟಿದ ಎಣ್ಣೆಯನ್ನು ಮಾತ್ರ ಬಹಳ ಹೊತ್ತು ಒರೆಸಿಕೊಂಡರು.

ಆಸ್ಪತ್ರೆಯ ಅಂಗಳದಲ್ಲಿ ಒಂದು ನಲ್ಲಿ ಇತ್ತು. ಅದರ ಕೆಳಗಿನ ಕಟ್ಟೆಯ ಪಾಚಿ ಕೆರೆಯುವವಳು ದೌಲಾನೇ. ಊರ ಕಸ ಗುಡಿಸುವ ಕೆಲಸ, ಮೂರು ಬೀದಿ ಮತ್ತು ಈ ಆಸ್ಪತ್ರೆಯ ಅಂಗಳ ಅವಳ ಪಾಲಿಗೆ. ತನ್ನ ಕೈಯಿಂದ ತೊಳೆದ ಕಟ್ಟೆಯೆಂಬ ಸಲಿಗೆಯಲ್ಲಿ ಅವಳು ಮಗುವಿನ ಬಟ್ಟೆ ಬಿಚ್ಚತೊಡಗಿದಳು.

“ಏಯ್! ಏಯ್ ಖಾದಿಮೇ!” ಕಾವಲಿನವನು ಕುರ್ಚಿಯಿಂದಲೇ ಅರಚಿದ. “ಆ ನಲ್ಲೀಲಿ ಮನುಷ್ರು ನೀರು ಕುಡೀತಾರೆ!”

“ಡಾಕ್ಟ್ರೇ ತೊಳ್ಕೊಂಡು ಬಾ ಅಂದವ್ರೆ ಕಣಣ್ಣ.”

“ತೊಳಿ ಅಂದ್ರು. ಇಲ್ಲಿ ತೊಳಿ ಅಂದ್ರಾ? ನಡಿಯೇ ಆಚೆ, ನಿನ್ನವ್ವನ್. ಗುಡ್ಸೋಕ್ ಬಂದಾಗ ಗುಡ್ಸು, ಕುಡಿಯೋ ನೀರಿಗೆ ಕೈ ಹಾಕ್ಬ್ಯಾಡ.”

ಖಾದಿಮ್ ಎಂದರೆ ಆಳು. ಅವರ ಜನ ಎಲ್ಲಿಂದ ಬಂದರು, ಯಾವಾಗ ಬಂದರು ಎಂದು ಯಾರಿಗೂ ಗೊತ್ತಿಲ್ಲ. ಆಳೆಂಬ ಹೆಸರೊಂದು ಹುಟ್ಟಿದ ಕೂಸಿಗೂ ಅಂಟಿರುತ್ತದೆ. ಈ ಕೂಸಿಗೆ ಇನ್ನೂ ಸ್ವಂತ ಹೆಸರಿಟ್ಟಿರಲಿಲ್ಲ. ಏಳನೆಯ ದಿನ ಬಂದಿರಲಿಲ್ಲ. ಖಾದಿಮ್ ಎಂಬ ಹೆಸರು ಮಾತ್ರ ಆಗಲೇ ಬಂದಿತ್ತು.

ಗೇಟಿನ ಹೊರಗೆ ಅವಳ ಮಗ ಹಾಯಿಲ್ ಕಸದ ತಳ್ಳುಗಾಡಿ ಹಿಡಿದು ನಿಂತಿದ್ದ. ಯಾವ ಟ್ಯಾಕ್ಸಿಯವನೂ ಹತ್ತಿಸಿಕೊಳ್ಳದಿದ್ದಾಗ ಆ ಗಾಡಿಗೇ ರಟ್ಟು ಹಾಸಿ ಬಾಣಂತಿಯನ್ನೂ ಮಗುವನ್ನೂ ತಳ್ಳಿಕೊಂಡು ಬಂದಿದ್ದ.

“ಏನಂದ್ರವ್ವ?”

“ತೊಳ್ಕೊಂಡು ಬರ್ಬೇಕಂತೆ.”

“ಏನ್ನ?”

“ಮಗೀನ.”

ಹಾಯಿಲ್ ತಳ್ಳುಗಾಡಿ ಬಿಟ್ಟು ಮುಂದೆ ಬಂದ. “ಕೂಸು ಕಣ್ಣೇ ಬುಡ್ತಿಲ್ಲ, ತೊಳ್ಕೊಂಡು ಬಾ ಅಂತಾನಾ ಬೋಳಿಮಗ? ನಾನ್ ಒಳೀಕ್ ಓಯ್ತೀನಿ ತಡಿ.”

“ಓಗಿ ಏನ್ಲಾ ಮಾಡ್ತೀಯ? ಎರಡು ಬಾರ್ಸಿ ಕಳಿಸ್ತಾರೆ. ನೀರ್ ಎಲ್ಲಾದ್ರೂ ಸಿಕ್ತದಾ ನೋಡು ಮದ್ಲು.”

ಎದುರಿನ ಚಹಾ ಅಂಗಡಿಯವನು ಒಳ್ಳೆಯವನೆಂದು ಅವರ ಕೇರಿಯಲ್ಲಿ ಹೆಸರು. ಉಳಿದವರು ಖಾದಿಮರಿಗೆ ಲೋಟದ ಬದಲು ಹಾಲಿನ ಖಾಲಿ ಡಬ್ಬದಲ್ಲಿ ಚಹಾ ಕೊಟ್ಟರೆ ಇವನು ಡಬ್ಬದ ಅಂಚು ಮಡಿಸಿ ಕೊಡುತ್ತಿದ್ದ, ತುಟಿ ಕುಯ್ಯದಿರಲಿ ಎಂದು. ಇವತ್ತು ಅವನು ತಂಬಿಗೆ ಹಿಡಿದು ಮೋರಿಯ ಅಂಚಿಗೆ ಬಂದು, ಮೊಳದೆತ್ತರದಿಂದ ನೀರು ಸುರಿದ. ಬಿಸಿಲಿಗೆ ಕಾದ ನೀರು. ಸೋಪಿನ ಚೂರೊಂದನ್ನು ನೆಲದ ಮೇಲಿಟ್ಟು ಹಿಂದೆ ಸರಿದ. ದೌಲಾ ಅದನ್ನು ಎತ್ತಿಕೊಂಡಳು.

ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಉಜ್ಜಿದಳು. ಹಳದಿ ನೊರೆ ಮೋರಿಗೆ ಇಳಿಯಿತು. ಎದೆ ತೊಳೆದಳು, ತೋಳು ತೊಳೆದಳು, ಬೆನ್ನು ತಿರುಗಿಸಿ ತೊಳೆದಳು. ನೊರೆ ಬಿಳಿಯಾಯಿತು. ಮೈ ಮಾತ್ರ ಹಾಗೆಯೇ ಇತ್ತು. ಇನ್ನೊಮ್ಮೆ ಸೋಪು ಹಚ್ಚಿದಳು.

“ಇನ್ನಷ್ಟ್ ನೀರ್ ಬುಡಣ್ಣ.”

ಚಹಾದವನು ಬಿಟ್ಟ. ಮಗು ಅಳಲಿಲ್ಲ, ಕಾಲು ಝಾಡಿಸಲಿಲ್ಲ. ತೊಳೆಯುವ ಬಟ್ಟೆಯ ಹಾಗೆ ಅವಳು ತಿರುಗಿಸಿದ ಕಡೆ ತಿರುಗಿತು.

ಈ ಹೆರಿಗೆಯೆಲ್ಲ ಅವಳದೇ ಏರ್ಪಾಡು. ನಜಾತ್ ಬಸುರಿಯಾದಾಗಲೇ, ಆಸ್ಪತ್ರೆಗೆ ಹೋಗುವ ಮಾತು ಎತ್ತಬೇಡ ಎಂದಿದ್ದಳು. ಹಾಯಿಲ್‌ಗಿಂತ ಮುಂಚಿನ ಕೂಸನ್ನು ದೌಲಾ ಇದೇ ಆಸ್ಪತ್ರೆಯಲ್ಲಿ, ಮಂಚದ ಮೇಲಲ್ಲ, ಮಂಚದ ಪಕ್ಕದ ನೆಲದ ಮೇಲೆ ಹೆತ್ತಿದ್ದಳು. ಹಾಸಿಗೆ ಆಮೇಲೆ ಸುಡಬೇಕಾಗುತ್ತದೆ ಎಂದು ನರ್ಸು ಕೆಳಗೆ ಇಳಿಸಿದ್ದಳು. ನೋವಿಗೆ ಕೂಗಿದಾಗ ಬಾಯಿಗೆ ಹೊಡೆದಿದ್ದಳು. ಆ ಕೂಸು ಉಳಿಯಲಿಲ್ಲ. ಸೊಸೆಗೆ ಆ ನೆಲ ಬೇಡವೆಂದು ದೌಲಾ ಹೊಸ ಬ್ಲೇಡು ತಂದಳು, ದಾರ ಕುದಿಸಿದಳು, ಹಿಟ್ಟಿನ ಚೀಲ ಒಗೆದು ಒಣಗಿಸಿ ಮೆತ್ತಗೆ ಮಾಡಿದಳು, ಸೂಲಗಿತ್ತಿ ಸಬ್ರಾಳಿಗೆ ತಿಂಗಳ ಮುಂಚೆಯೇ ಹೇಳಿಟ್ಟಳು. ಹೆರಿಗೆ ಹೂವೆತ್ತಿದಂತೆ ಆಯಿತು. ಕೇರಿಯ ಹೆಂಗಸರೆಲ್ಲ ಭಲೇ ಎಂದರು. ದೌಲಾ ಎರಡು ದಿನ ನೆಲದ ಮೇಲೆ ಕಾಲಿಡಲಿಲ್ಲ.

ಹೆರಿಗೆಗೆ ಎಲ್ಲ ಜೋಡಿಸಿದ್ದಳು. ಹುಟ್ಟಿದ ಮೇಲೆ ಕೂಸನ್ನು ಯಾರಿಗೆ ತೋರಿಸಬೇಕು ಎಂಬುದೊಂದನ್ನು ಯೋಚಿಸಿರಲಿಲ್ಲ.

ಅರಿಶಿನ ಹಚ್ಚಿದ್ದು ತಪ್ಪಲ್ಲ. ಅವಳ ಅವ್ವ ಹಚ್ಚಿದ್ದಳು, ಅವ್ವನ ಅವ್ವ ಹಚ್ಚಿದ್ದಳು, ಈ ಕಡಲತೀರದ ಎಲ್ಲ ಮನೆಗಳಲ್ಲೂ ಹಚ್ಚುತ್ತಾರೆ. ಡಾಕ್ಟರು ಅದಕ್ಕೆ ಬೈದಾಗ ಅವಳಿಗೆ ಅಷ್ಟು ನಾಟಿರಲಿಲ್ಲ. ಒಳಗೆ ಕೊರೆಯುತ್ತಿದ್ದದ್ದು ಬೇರೆ. ಎರಡನೆಯ ದಿನ ಹಳೆಯ ಅರಿಶಿನ ಒರೆಸಿ ಹೊಸದು ಹಚ್ಚುವಾಗ ಅವಳು ಮೈಯ ಬಣ್ಣ ನೋಡಿದ್ದಳು. ತನ್ನ ಹಾಗೆ, ಹಾಯಿಲ್‌ನ ಹಾಗೆ ಕಡುಕಪ್ಪಲ್ಲ. ಏನೋ ತಿಳಿಯಾಗಿ, ಸುಟ್ಟ ರೊಟ್ಟಿಯ ಒಳಮೈಯ ಹಾಗೆ. ಅವಳ ಎದೆ ಹಿಗ್ಗಿ ಹಾರಿತ್ತು. ಬಾಗಿಲಿಗೆ ಬಂದು ಇಡೀ ಕೇರಿಗೆ ಕೇಳುವಂತೆ ಕೂಗಿದ್ದಳು: “ನನ್ನ ಮೊಮ್ಮಗ್ಳು ಗೋದಿ ಬಣ್ಣ ಕಣ್ರೇ! ಇವಳ್ನ ಯಾವನಾದ್ರೂ ಖಾದಿಮ್ ಅನ್ನಲಿ ನೋಡಾಣ!”

ಬಣ್ಣ ಕಂದೀತೆಂದು ಕೂಸನ್ನು ಬಿಸಿಲಿಗೆ ತರಲಿಲ್ಲ. ಬಾಗಿಲಿಗೆ ಗೋಣಿ ಕಟ್ಟಿ ಕತ್ತಲು ಮಾಡಿದಳು. ಅರಿಶಿನವನ್ನು ಇನ್ನೂ ಗಟ್ಟಿಯಾಗಿ ಬಳಿದಳು. “ಅತ್ತೆ, ಕಣ್ಣೂ ಹಳ್ದಿ ಕಾಣ್ತವಲ್ಲ,” ಎಂದು ನಜಾತ್ ಅಂದಾಗ, “ಎಣ್ಣೆ ಇಳ್ದದೆ, ಸುಮ್ಕಿರು,” ಎಂದಿದ್ದಳು. “ಎಬ್ಬಿಸಿದ್ರೂ ಏಳಾಕಿಲ್ಲ,” ಎಂದಾಗ, “ಒಳ್ಳೆ ಕೂಸು, ನಿದ್ದೆ ಮಾಡ್ತದೆ, ನಿನಗೇನ್ ಕಷ್ಟ?” ಎಂದು ಗದರಿದ್ದಳು.

“ಅತ್ತೆ.”

ದೌಲಾ ಉಜ್ಜುತ್ತಲೇ ಇದ್ದಳು. ಕೂಸಿನ ಎದೆಯ ಚರ್ಮ ಕೆಂಪಗಾಗಿತ್ತು.

“ಅತ್ತೆ, ಸಾಕು ಬುಡಿ. ಅದು ಅರಿಸ್ನ ಅಲ್ಲ.”

“ಓಯ್ತದೆ ತಡಿ. ಸೋಪ್ ಸಾಲ್ದು.”

“ಓಗಾಕಿಲ್ಲ!” ನಜಾತ್ ಅವಳ ಕೈ ಹಿಡಿದು ಕಿತ್ತಳು. “ನಿಮಗೂ ಗೊತ್ತು ಓಗಾಕಿಲ್ಲ ಅಂತ!”

ದೌಲಾ ಸೋಪು ಕೆಳಗಿಟ್ಟಳು. ಮೋರಿಯ ಅಂಚಿನಲ್ಲೇ ಕುಕ್ಕರಿಸಿ ಕೂತು, ಒದ್ದೆ ಕೈಯಲ್ಲಿ ತನ್ನ ಕೆನ್ನೆಗೆ ಹೊಡೆದುಕೊಂಡಳು. ಒಂದಲ್ಲ, ಎರಡಲ್ಲ. ಹಾಯಿಲ್ ಬಂದು ಕೈ ಹಿಡಿದ.

“ಬಣ್ಣ ಬಂತು ಅಂತ ಕುಣಿದ್ನಲ್ಲೋ ನನ್ನಪ್ಪ. ಕಾಯಿಲೆ ಬಂದಿದ್ರೆ ಬಣ್ಣ ಬಂತು ಅಂತ ಕುಣಿದ್ನಲ್ಲೋ.”

ಹಾಯಿಲ್ ಹಿಡಿದ ಕೈ ಬಿಡಲಿಲ್ಲ. ಅವನೂ ಅವತ್ತು ಕುಣಿದಿದ್ದ.

ಅವರು ಮತ್ತೆ ಒಳಗೆ ಹೋಗುವ ಹೊತ್ತಿಗೆ ಮಧ್ಯಾಹ್ನದ ನಮಾಜಿನ ಬಾಂಗು ಮುಗಿದು, ಡಾಕ್ಟರ ಕೋಣೆಗೆ ಚಿಲಕ ಬಿದ್ದಿತ್ತು. ಊಟ, ಅದಾದ ಮೇಲೆ ಅಮಲಿಗೆ ಕಾತ್ ಸೊಪ್ಪು ಅಗಿಯುವ ಹೊತ್ತು. ಇನ್ನು ಅವರು ಬಂದರೆ ಬಂದರು. ಹಾಯಿಲ್‌ನನ್ನು ಕಾವಲಿನವನು ಗೇಟಿನಲ್ಲೇ ತಡೆದ. ಅತ್ತೆ ಸೊಸೆ ಇಬ್ಬರೇ ನರ್ಸಿನ ಮುಂದೆ ನಿಂತರು. ಚಿಕ್ಕ ವಯಸ್ಸಿನ ಹುಡುಗಿ. ಅವಳು ಮಗುವಿನ ರೆಪ್ಪೆ ಬಿಡಿಸಿದಳು, ಮೂಗಿನ ತುದಿ ಒತ್ತಿ ನೋಡಿದಳು, ಒಸಡು ನೋಡಿದಳು. ಅವಳ ಮುಖ ಬದಲಾಯಿತು.

“ಕಾಮಾಲೆ. ತುಂಬಾ ಏರಿಬಿಟ್ಟಿದೆ. ನೀಲಿ ದೀಪದ ಕೆಳಗೆ ಹಾಕ್ಬೇಕು, ಈಗಲೇ ಹಾಕ್ಬೇಕು. ಇಷ್ಟು ದಿನ ಏನು ಮಾಡ್ತಿದ್ರಿ?”

ದೌಲಾ ನೆಲ ನೋಡಿದಳು.

ನರ್ಸು ಎದ್ದು ಎರಡು ಹೆಜ್ಜೆ ಇಟ್ಟಳು. ಏನೋ ನೆನಪಾದಂತೆ ನಿಂತಳು. ದನಿ ತಗ್ಗಿತು. “ಜಾಗ ಇಲ್ಲಮ್ಮ.”

“ಅಂಗಂದ್ರೆ?”

“ಮೂರು ದೀಪದಲ್ಲಿ ಎರಡು ಕೆಟ್ಟಿವೆ. ಇರೋ ಒಂದ್ರಲ್ಲಿ ಊರ ಯಜಮಾನರು ಶೇಖ್ ಸಾಹೇಬರ ಮನೆ ಮಗು ಇದೆ.”

“ಎಷ್ಟಗಲ ಅದೆ ಅದು?” ನಜಾತ್ ಕೇಳಿದಳು. “ಇಬ್ರು ಇಡಿಯಾಕಿಲ್ವಾ?”

“ಹಿಡೀತಾರೆ. ನಿನ್ನೆ ಇಬ್ಬಿಬ್ಬರನ್ನೇ ಮಲಗಿಸಿದ್ವಿ. ಆದ್ರೆ...” ನರ್ಸು ಅವರ ಕೈ ನೋಡಿದಳು, ಮುಖ ನೋಡಿದಳು, ಮೇಜಿನ ಮೇಲಿನ ಕತ್ತರಿ ಸರಿಪಡಿಸಿದಳು. “ಆ ಮನೆಯವರು ಒಪ್ಪಲ್ಲ. ಗಲಾಟೆ ಮಾಡ್ತಾರೆ. ನಾಳೆ ಅವರ ಮಗೂನ ಕಳಿಸ್ತಾರೆ, ನಾಳೆ ಬೆಳಿಗ್ಗೆನೇ ಬನ್ನಿ.”

“ನಾಳೆ ಗಂಟ ಇರ್ತದಾ ಇದು?” ಎಂದಳು ನಜಾತ್.

ನರ್ಸು ಕತ್ತರಿಯನ್ನು ಮತ್ತೆ ಸರಿಪಡಿಸಿದಳು.

ಬೇರೆ ದಿನವಾಗಿದ್ದರೆ ದೌಲಾ “ಆಗ್ಲಿ ತಾಯಿ” ಎಂದು ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದಳು. ಐವತ್ತು ವರ್ಷ ಅದನ್ನೇ ಮಾಡಿದ್ದಳು. ಇವತ್ತು ಅದಕ್ಕೂ ಬಾಯಿ ಬರಲಿಲ್ಲ. ಜಗಳ ಆಡುವ ಮುಖ ತನಗೆಲ್ಲಿದೆ? ಮನೆಯಲ್ಲೇ ಹೆರಿಗೆ ಎಂದವಳು ನೀನು, ಕತ್ತಲು ಮಾಡಿದವಳು ನೀನು, ಸೊಸೆಯ ಬಾಯಿ ಮುಚ್ಚಿಸಿದವಳು ನೀನು, ಡಾಕ್ಟರಿಗೆ ಸುಳ್ಳು ಹೇಳಿದವಳೂ ನೀನೇ. ಈಗ ಯಾರನ್ನು ಏನೆಂದು ಕೇಳುತ್ತೀಯೆ? ಅವಳು ಗೋಡೆಗೆ ಜಾರಿ ಕೆಳಗೆ ಕೂತಳು. ಯಾರೂ ಹೇಳದೆಯೇ ಬೆಂಚು ಬಿಟ್ಟು ನೆಲದ ಮೇಲೆ ಕೂತಿದ್ದಳು.

ಆಗ ನಜಾತ್‌ಳ ತೋಳಿನಲ್ಲಿ ಕೂಸು ಸೆಟೆಯಿತು. ತಲೆ ಹಿಂದಕ್ಕೆ ಹೋಗಿ, ಬೆನ್ನು ಬಿಲ್ಲಿನಂತೆ ಬಾಗಿ, ಎರಡೂ ಮುಷ್ಟಿ ಬಿಗಿದುಕೊಂಡವು. ಬಾಯಿಂದ ಸಣ್ಣಗೆ, ಬೆಕ್ಕಿನ ಮರಿಯ ಹಾಗೆ ಒಂದು ದನಿ ಬಂದು ನಿಂತಿತು.

“ಅತ್ತೆ! ಅತ್ತೆ ನೋಡಿ!”

ದೌಲಾ ಮುಖ ಮುಚ್ಚಿಕೊಂಡು, “ನಾನೇ ಕೊಂದೆ, ನಾನೇ ಕೊಂದೆ,” ಎನ್ನತೊಡಗಿದಳು.

ನಜಾತ್ ಕಾಲಿನಿಂದ ಅವಳ ಮಂಡಿಯನ್ನು ಒದ್ದಳು. ನಿಜವಾಗಿಯೂ ಒದ್ದಳು. “ನೀವ್ ಮಾಡಿದ್ದಕ್ಕೆ ಆಮೇಲೆ ಅಳಿ. ಜೀವ ಇರೋಗಂಟ ಅಳಿ, ನಾನೂ ಬೈತೀನಿ. ಈಗ ಎದ್ದೇಳಿ. ನನ್ ಕಾಲಲ್ಲಿ ನಿಲ್ಲಾಕೆ ಸಕ್ತಿ ಇಲ್ಲ.”

ದೌಲಾ ಎದ್ದಳು. ಕೂಸನ್ನು ಎತ್ತಿಕೊಂಡಳು. ಹಜಾರದ ಕೊನೆಯ ಕೋಣೆ ಅವಳಿಗೆ ಗೊತ್ತಿತ್ತು. ಅದರ ಕಿಟಕಿಯಿಂದ ನೀಲಿ ಬೆಳಕು ಅಂಗಳಕ್ಕೆ ಬೀಳುತ್ತಿತ್ತು.

ಕೋಣೆಯಲ್ಲಿ ತಂಪಿತ್ತು. ಶೇಖ್ ಸಾಹೇಬರ ಮನೆಯ ಹಿರಿಯಾಕೆ ಹಾಜಮ್ಮ ಜಪಮಣಿಯ ತಸ್ಬಿ ಎಣಿಸುತ್ತ ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಜೇನು ಸುರಿದ ರೊಟ್ಟಿಯ ತಟ್ಟೆ. ದೌಲಾ ತೊಟ್ಟಿದ್ದ ಕಸ ಗುಡಿಸುವವರ ಕಿತ್ತಳೆ ಅಂಗಿ ಕಂಡು, ಅವಳ ಕಂಕುಳಲ್ಲಿದ್ದುದನ್ನು ನೋಡದೆಯೇ, “ಗುಡಿಸೋಕೆ ಬಂದ್ಯಾ? ಆ ಮೂಲೇಲಿ ಇರುವೆ ಆಗಿವೆ ನೋಡು,” ಎಂದಳು.

ದೀಪದ ಕೆಳಗಿನ ಪೆಟ್ಟಿಗೆಯಲ್ಲಿ ಗಂಡುಕೂಸು ಬರಿಮೈಯಲ್ಲಿ, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಮಲಗಿತ್ತು. ದೌಲಾ ಬಗ್ಗಿದಳು. ಎಳ್ಳೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಕೂಸಿನ ಕತ್ತಿನ ಮಡಿಕೆಯಲ್ಲಿ, ಕಿವಿಯ ಹಿಂದೆ, ಕಂಕುಳಲ್ಲಿ ಹಳದಿ ಪುಡಿ ಗಟ್ಟಿಯಾಗಿ ಕೂತಿತ್ತು.

“ಇದಕ್ಕೂ ಅರಿಸ್ನ ಹಚ್ಚವ್ರೆ,” ಎಂದಳು, ಯಾರಿಗೋ ಎಂಬಂತೆ.

“ಹಚ್ಚದೆ? ನನ್ನ ಕೈಯಾರೆ ಹಚ್ಚಿದ್ದು.”

“ಡಾಕ್ಟ್ರು ತೊಳ್ಕೊಂಡು ಬಾ ಅನ್ನಲಿಲ್ವಾ?”

“ಯಾಕೆ ತೊಳೀಬೇಕು? ಕಣ್ಣು ನೋಡಿದ್ರು, ಅಲ್ಲಿಂದಲೇ ಇಲ್ಲಿಗೆ ಎತ್ಕೊಂಡು ಬಂದ್ರು. ಅದನ್ನೆಲ್ಲ ಕೇಳೋಕೆ ನೀನ್ಯಾರೆ?”

ಕಣ್ಣು ನೋಡಿದರು. ದೌಲಾಳ ತಲೆಯೊಳಗೆ ಅಷ್ಟೇ ಉಳಿಯಿತು. ಹೊಟ್ಟೆಯೊಳಗಿನ ಪಾಪ ಹಾಗೆಯೇ ಇತ್ತು, ಒಂದು ಗುಂಜಿಯಷ್ಟೂ ಕರಗಿರಲಿಲ್ಲ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಎದ್ದು ನಿಂತಿತು, ಅವಳಿಗೆ ಅಷ್ಟಾಗಿ ಪರಿಚಯವಿಲ್ಲದ್ದು. ಅವಳು ತಲೆವಸ್ತ್ರದ ಅಂಚನ್ನು ಹಲ್ಲಿನಿಂದ ಹರಿದು ಮೊಮ್ಮಗಳ ಕಣ್ಣಿಗೆ ಕಟ್ಟಿದಳು. ಬಟ್ಟೆ ಬಿಚ್ಚಿದಳು. ಗಂಡುಕೂಸನ್ನು ಹಗುರವಾಗಿ ಅತ್ತ ಸರಿಸಿ, ತನ್ನದನ್ನು ಬೆಳಕಿನ ಕೆಳಗೆ ಮಲಗಿಸಿದಳು.

ಹಾಜಮ್ಮನ ತಸ್ಬಿ ನೆಲಕ್ಕೆ ಬಿತ್ತು.

“ಅಯ್ಯೋ! ಮುಟ್ಟಿಬಿಟ್ಟಳು! ಯಾರ್ರೀ ಅಲ್ಲಿ! ಸಿಸ್ಟರ್! ಖಾದಿಮ್ ಮುಂಡೆ ಮಗೂನ ಮುಟ್ಟಿಬಿಟ್ಟಳು!”

ನರ್ಸು ಓಡಿಬಂದಳು. ಅಷ್ಟರಲ್ಲಿ ಹಾಜಮ್ಮ ತನ್ನ ಮೊಮ್ಮಗನನ್ನು ದೀಪದ ಕೆಳಗಿಂದ ಬಾಚಿ ಎತ್ತಿ ಎದೆಗೊತ್ತಿಕೊಂಡಿದ್ದಳು. ಕೂಸು ಕಿರ್ರನೆ ಅರಚಿತು.

“ಹಾಜಮ್ಮ, ತೆಗೀಬೇಡಿ! ಅದಕ್ಕೆ ಇನ್ನೂ ಬೆಳಕು ಬೇಕು, ಕಮ್ಮಿ ಆಗಿಲ್ಲ!”

“ಅದರ ಪಕ್ಕ ಮಲಗೋದಕ್ಕಿಂತ ನನ್ನ ಮೊಮ್ಮಗ ಹಂಗೇ ಇರಲಿ. ಮೊದಲು ಅದನ್ನ ತೆಗೆಸು, ಆ ಪೆಟ್ಟಿಗೆ ತೊಳೆಸು, ಆಮೇಲೆ ನೋಡೋಣ.”

“ಹಾಜಮ್ಮಾ,” ದೌಲಾಳ ದನಿ ಅವಳಿಗೇ ಗುರುತು ಸಿಗಲಿಲ್ಲ. “ನನ್ನ ಉಗಿ, ಎಕ್ಕಡ ತಗಂಡು ಒಡಿ. ಕೂಸ ಮಾತ್ರ ಬೆಳಕಿಗೆ ಹಾಕು. ಬಣ್ಣ ನೋಡ್ಕೊಂಡು ಕುಂತು ನಾನು ಕೆಟ್ಟಿವ್ನಿ. ನೀನೂ ಕೆಡಬ್ಯಾಡ.”

“ನನಗೆ ಬುದ್ಧಿ ಹೇಳ್ತೀಯೇನೇ, ತಿಪ್ಪೆ ಕೆರೆಯೋಳೇ?” ಹಾಜಮ್ಮ ಕೂಸನ್ನು ಮುಸುಕಿನ ಬಟ್ಟೆಯಲ್ಲಿ ಸುತ್ತಿಕೊಂಡು ಹಜಾರಕ್ಕೆ ನಡೆದಳು. ಅವಳ ಗಂಡಸರನ್ನು ಕೂಗುವ ಸದ್ದು ಕೇಳಿಸಿತು, ಕಾವಲಿನವನನ್ನು ಕೂಗುವ ಸದ್ದು ಕೇಳಿಸಿತು.

ನರ್ಸು ಬೆವೆತುಹೋಗಿದ್ದಳು. “ಎತ್ಕೊಂಡ್ಬಿಡಮ್ಮ, ನಿನ್ನ ದಮ್ಮಯ್ಯ. ನನ್ನ ಕೆಲಸ ಹೋಗುತ್ತೆ.”

“ಓಗ್ಲಿ.”

“ದೀಪ ಆರಿಸು ಅಂತಾರೆ ನನಗೇ.”

ದೌಲಾ ಗೋಡೆಯ ಕಡೆ ನೋಡಿದಳು. ಪೆಟ್ಟಿಗೆಯ ಹಿಂದೆ ಸ್ವಿಚ್ಚಿನ ಹಲಗೆ. ಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

“ಕೂಸಿಗೆ ಅರಿಸ್ನ ಬಳ್ದೋಳು ನಾನೆ. ಕತ್ಲಲ್ಲಿ ಇಟ್ಟೋಳು ನಾನೆ. ನಾಕ್ ದಿನ ಆಗದೆ, ಡಾಕ್ಟ್ರುತಾವ ನಿನ್ನೆ ಅಂತ ಸುಳ್ ಯೋಳ್ದೋಳೂ ನಾನೆ. ಯಾರ್ ಬೇಕಾದ್ರೂ ಬಂದು ಕೇಳಲಿ, ಯೋಳ್ತೀನಿ. ಈ ದೀಪ ಆರ್ಸೋರು ಯಾರೋ ಅವ್ರು ಬರ್ಲಿ, ಅವ್ರ ಮುಖ ನಾನೂ ನೋಡ್ತೀನಿ.”

ಬಾಗಿಲಲ್ಲಿ ನಜಾತ್ ಬಂದು ಚೌಕಟ್ಟಿಗೆ ಒರಗಿ ಕೂತಳು. ದಾಟಿ ಬರುವವರು ಬಾಣಂತಿಯನ್ನು ತುಳಿದೇ ಬರಬೇಕಿತ್ತು. ಹಜಾರದಲ್ಲಿ ಬೂಟುಗಳ ಸದ್ದು ಹತ್ತಿರವಾಯಿತು.

ಹೊರಗೆ ಹಾಜಮ್ಮನ ಮೊಮ್ಮಗ ಅಳುತ್ತಲೇ ಇದ್ದ, ಹೊಟ್ಟೆಯಿಂದ, ಗಟ್ಟಿಯಾಗಿ. ಬೆಳಕಿನಿಂದ ಆಚೆ ಹೋದ ಆ ಕೂಸಿಗಾಗಿ ದೌಲಾಳ ಕರುಳು ಚುರುಕ್ಕೆಂದಿತು. ಅದರ ಮರುಗಳಿಗೆಯೇ ಆ ಅಳುವಿನ ಮೇಲೆ ಹೊಟ್ಟೆಕಿಚ್ಚು ಬಂತು. ಅವಳು ಸ್ವಿಚ್ಚಿನ ಹಲಗೆ ಬಿಡದೆ, ಕತ್ತು ಚಾಚಿ, ನೀಲಿ ಬೆಳಕಿನ ಕೆಳಗಿದ್ದ ತನ್ನದನ್ನು ನೋಡಿದಳು.

“ಅಳೇ,” ಎಂದಳು. “ಒಂದ್ಸಲ ಅಳೇ ನನ್ನವ್ವ.”

ಕೂಸು ಅಳಲಿಲ್ಲ.